ಕಲಿಯುವ ಡಾಕ್ಟ್ರ ನಡುಗುವ ಕೈ

ಇದನ್ನು ಗಟ್ಟಿಯಾಗಿ ಓದಬೇಡಿ. ನಾನೂ ಸಣ್ಣ ದನಿಯಲ್ಲೇ ಬರೆಯುತ್ತಿದ್ದೇನೆ. ಇದುವರೆಗೆ ಹನ್ನೊಂದು ಮಂದಿಗೆ ಮಾತ್ರ ಹೇಳಿದ್ದು. ಹನ್ನೊಂದು ಮಂದಿಯಿಂದಲೂ ಬಾಯಿ ಬಿಡುವುದಿಲ್ಲ ಅಂತ ಆಣೆ ಹಾಕಿಸಿದ್ದೇನೆ. ಅದರಲ್ಲಿ ಒಂಬತ್ತು ಮಂದಿ ಆಣೆ ಮುರಿದರು, ಅದು ಅವರ ಪಾಪ. ನೀವಾದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಿ.

ಮಸ್ಕತ್ತಿನಲ್ಲಿ ರಿಟೈರಾದ ಸಿಪಾಯಿಗಳಿಗೆಂದೇ ಒಂದು ಆಸ್ಪತ್ರೆ ಇತ್ತು. ಅದರ ಕಣ್ಣಿನ ವಿಭಾಗದಲ್ಲಿ ನಾನು ಹನ್ನೆರಡು ವರ್ಷ ಆಯಾ ಆಗಿದ್ದೆ, ಬೆಳಿಗ್ಗೆ ಯಾವಾಗಲೂ ಆಪರೇಷನ್ ಥಿಯೇಟರಿನಲ್ಲಿ. ಗಂಡ ಅಲ್ಲೇ ವಾದಿ ಅದಾಯಿ ಅನ್ನುವ ಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆದರೆ ಕಲಿಯುವವರನ್ನು ನೋಡಿದಷ್ಟು ನಾನು ಬೇರೆ ಯಾರನ್ನೂ ನೋಡಿಲ್ಲ. ಎಂಬಿಬಿಎಸ್ ಮುಗಿಸಿದ ಹುಡುಗರು ಕಣ್ಣಿನ ಆಪರೇಷನ್ ಕಲಿಯಲಿಕ್ಕೆ ಅಲ್ಲಿಗೆ ಬರುತ್ತಿದ್ದರು. ಬಂದವರ ಕೈಯಲ್ಲಿ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತಿತ್ತು. ದಿನಕ್ಕೊಂದು ಸುದ್ದಿ ಹೊತ್ತುಕೊಂಡು ಮನೆಗೆ ಬರದಿದ್ದರೆ ನನಗೆ ಆ ದಿನ ಡ್ಯೂಟಿ ಮಾಡಿದ ಹಾಗೇ ಅನಿಸುತ್ತಿರಲಿಲ್ಲ.

ತೊಂಬತ್ತನೇ ಇಸವಿ ಕಳೆದು ಎರಡು ಮೂರು ವರ್ಷ ಆಗಿರಬೇಕು, ನಮ್ಮ ಊರ ಕಡೆಯ ಒಬ್ಬ ಹುಡುಗ ಬಂದ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಸಪೂರ, ಎತ್ತರ, ಯಾರು ಎಂತ ಹೇಳಿದರೂ ಬೇಡ ಅನ್ನಲಿಕ್ಕೆ ಬಾರದ ಜಾತಿಯ ಸಾಧು. ನಮ್ಮ ಬಿಲ್ಡಿಂಗಿನಲ್ಲಿ ನನ್ನ ಎದುರು ಮನೆಯಲ್ಲಿ ಒಬ್ಬಳು ಬಾಯಮ್ಮ, ಅವಳೂ ಮಂಗಳೂರಿನವಳೇ. ಗಂಡ ಆಫೀಸಿನಲ್ಲಿ ಕ್ಲಾರ್ಕು, ಮಗಳು ಟೈಪಿಸ್ಟು. ಅಲ್ಲಿ ವಾರದ ರಜೆ ಶುಕ್ರವಾರ, ಆ ದಿನ ಇಗರ್ಜಿಯಲ್ಲಿ ಈ ಹುಡುಗನನ್ನು ಕಂಡದ್ದೇ ಬಾಯಮ್ಮನಿಗೆ ಅವನ ಮೇಲೆ ಕಣ್ಣು. ಪ್ರತಿ ಶುಕ್ರವಾರ ಮಧ್ಯಾಹ್ನ ಅವನಿಗೆ ಅವರ ಮನೆಯಲ್ಲೇ ಊಟ. ನನಗೆ ಮಾತ್ರ, "ಒಬ್ಬನೇ ಇದ್ದಾನಲ್ಲ ಅಕ್ಕ, ಪಾಪ ಅಂತ," ಅಂದಳು. ಮಗಳಿಗೆ ಹೊಸ ಫ್ರಾಕು ಹೊಲಿಸಿದ್ದೂ ಪಾಪ ಅಂತಲೇ ಇರಬೇಕು.

ಆಡಿನ ಕಣ್ಣು

ಮನುಷ್ಯರ ಕಣ್ಣಿಗೆ ಕೈ ಹಾಕುವ ಮೊದಲು ಕಲಿಯುವ ಡಾಕ್ಟ್ರುಗಳು ಆಡಿನ ಕಣ್ಣಿನ ಮೇಲೆ ಕೈ ಪಳಗಿಸಬೇಕು. ಕೊಯ್ಯುವುದು, ಕೂದಲಿಗಿಂತ ಸಪೂರದ ನೂಲಿನಲ್ಲಿ ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ನಮ್ಮ ಹುಡುಗ ದಿನಾ ವಾದಿ ಅದಾಯಿಯ ಮಾಂಸದ ಅಂಗಡಿಗೆ ಬಂದು, "ಭಾಯ್, ನಾಲ್ಕು ಕಣ್ಣು ಕೊಡಿ," ಅನ್ನುತ್ತಿದ್ದ. ಕಣ್ಣಿಗೆ ಯಾರು ದುಡ್ಡು ಕೇಳುತ್ತಾರೆ, ಅಂಗಡಿಯವ ಸುಮ್ಮನೆ ಕೊಡುತ್ತಿದ್ದ. ಯಾಕೆ ಅಂತ ಹುಡುಗ ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಒಂದು ದಿನ ನಾನು ಮಾಂಸಕ್ಕೆ ಹೋದಾಗ ಅಂಗಡಿಯವ ನನ್ನ ಯೂನಿಫಾರ್ಮ್ ನೋಡಿ ಕೇಳಿದ, "ನಿಮ್ಮ ಆಸ್ಪತ್ರೆಯಲ್ಲಿ ಡಾಕ್ಟರರಿಗೆ ಸಂಬಳ ಆಗುವುದಿಲ್ವಾ? ಒಬ್ಬ ಬಡಪಾಯಿ ದಿನಾ ಬಂದು ಬರೀ ಕಣ್ಣು ತಗೊಂಡು ಹೋಗ್ತಾನೆ."

ನಿಜ ಹೇಳಬಹುದಿತ್ತು. ಹೇಳಿದರೆ ಸುದ್ದಿ ಅಲ್ಲಿಗೇ ಸತ್ತು ಹೋಗುತ್ತಿತ್ತಲ್ಲ. "ಎಂತ ಮಾಡುವುದು ಭಾಯ್, ಒಬ್ಬೊಬ್ಬರ ಹಣೆಬರಹ," ಅಂದೆ. ಆ ಗುರುವಾರ ಅಂಗಡಿಯವನೂ ಅಕ್ಕಪಕ್ಕದ ನಾಲ್ಕು ಜನವೂ ಸೇರಿ ಹುಡುಗನ ಕ್ವಾರ್ಟರ್ಸಿಗೆ ದೊಡ್ಡ ತಾಟಿನಲ್ಲಿ ಅನ್ನ ಮಾಂಸ ಹೊತ್ತುಕೊಂಡು ಹೋಗಿ ಇಟ್ಟು ಬಂದರು. ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಬೇಡ ಅನ್ನಲಿಕ್ಕೆ ಬಾರದಲ್ಲ, ಮೂರು ದಿನ ಕೂತು ತಿಂದ.

ನಾನು ಬಾಯಮ್ಮನ ಬಾಗಿಲು ತಟ್ಟಿದೆ. "ಬಾಯಮ್ಮ, ನಿಮ್ಮ ಡಾಕ್ಟ್ರಿಗೆ ಆಡಿನ ಕಣ್ಣು ಅಂದರೆ ಜೀವ ಅಂತೆ. ದಿನಾ ನಾಲ್ಕು ಬೇಕಂತೆ." ಇದರಲ್ಲಿ ಸುಳ್ಳು ಎಲ್ಲಿ ಉಂಟು ಹೇಳಿ.

ಬಾಯಮ್ಮ ಶುಕ್ರವಾರ ಎರಡು ಆಡಿನ ತಲೆ ತರಿಸಿ, ಕೊತ್ತಂಬರಿ ಮೆಣಸು ಹುರಿದು ಅರೆದು ಸಾರು ಮಾಡಿದಳು. ನಾಲ್ಕೂ ಕಣ್ಣನ್ನು ಆರಿಸಿ ತೆಗೆದು ಹುಡುಗನ ಬಟ್ಟಲಿಗೆ ಬಡಿಸಿದಳು. ನಾನು ಸಕ್ಕರೆ ಕೇಳುವ ನೆವದಲ್ಲಿ ಅಲ್ಲೇ ನಿಂತಿದ್ದೆ. ಹುಡುಗ ಬಟ್ಟಲು ನೋಡಿದ. ಬಟ್ಟಲು ಅವನನ್ನು ನೋಡಿತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದಾರೆ. ಅವನು ಚಮಚದಲ್ಲಿ ಒಂದು ಕಣ್ಣನ್ನು ಮೆಲ್ಲ ಮಗುಚಿ ಹಾಕಿ ಬಗ್ಗಿ ನೋಡಿದ. ಬೆಂದ ಕಣ್ಣು ಅಲ್ವಾ, ಒಳಗೆ ಬೆಳ್ಳಗೆ ಮುತ್ತಿನ ಹಾಗೆ ಗಟ್ಟಿಯಾಗಿತ್ತು.

"ಆಂಟಿ," ಅಂದ, "ಇದಕ್ಕೆ ಪೊರೆ ಪೂರ್ತಿ ಬಲಿತಿದೆ. ಮೊದಲೇ ತೋರಿಸಬೇಕಿತ್ತು."

ಮಂಜಿಯ ಸಿಪಾಯಿ

ಕಣ್ಣಿನ ಆಪರೇಷನ್ನಿನಲ್ಲಿ ಒಂದು ಫಜೀತಿ ಉಂಟು. ಕಣ್ಣಿನ ಹತ್ತಿರ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುವುದು. ಮುಖಕ್ಕೆ ಹಸಿರು ಬಟ್ಟೆ ಮುಚ್ಚಿ ಮಲಗಿದವನು ಎಚ್ಚರವೇ ಇರುತ್ತಾನೆ, ಎಲ್ಲ ಕೇಳುತ್ತಾ ಇರುತ್ತಾನೆ. ಕಲಿಸುವವರು, "ಹಾಗಲ್ಲ, ಹೀಗೆ," ಅಂದರೆ ಮಲಗಿದವನ ಎದೆ ನಿಂತುಹೋಗುತ್ತದೆ.

ಕಲಿಸುವ ದೊಡ್ಡ ಡಾಕ್ಟ್ರು ಉಡುಪಿ ಕಡೆಯವರು. ಕೈ ಬಂಗಾರ, ನಾಲಿಗೆ ಕತ್ತಿ. ಹಳೆ ಸಿಪಾಯಿಗಳಿಗೆ ಅರಬಿ ಬರುತ್ತದೆ, ಬಲೂಚಿ ಬರುತ್ತದೆ, ಹಿಂದಿ ಬರುತ್ತದೆ, ಮಿಲಿಟರಿ ಇಂಗ್ಲಿಷೂ ಬರುತ್ತದೆ. ಆದ್ದರಿಂದ ದೊಡ್ಡ ಡಾಕ್ಟ್ರು ನಮ್ಮ ಹುಡುಗನಿಗೆ ಬೈಯುವುದೆಲ್ಲ ತುಳುವಿನಲ್ಲಿ. ದನಿ ಮಾತ್ರ ಜೇನು. ಕೇಳಿದವರಿಗೆ ಹೊಗಳಿಕೆ ಅಂತಲೇ ಅನಿಸಬೇಕು. ನಾನು ಮೂಲೆಯಲ್ಲಿ ಬಟ್ಟೆ ಎಣಿಸುತ್ತಾ ತುಟಿ ಕಚ್ಚಿಕೊಳ್ಳುತ್ತಿದ್ದೆ.

ಹುಡುಗನ ತೊಂದರೆ ಎಂತ ಅಂದರೆ ಕೈ ನಡುಗುವುದು. ಸಂಜೆ ಆಡಿನ ಕಣ್ಣಿಗೆ ಹೊಲಿಗೆ ಹಾಕುವಾಗ ಒಂದಿಷ್ಟೂ ನಡುಗದ ಕೈ, ಬೆಳಿಗ್ಗೆ ಮನುಷ್ಯರ ಕಣ್ಣಿನ ಮೇಲೆ ಬಂದ ಕೂಡಲೇ ಗಾಳಿಗೆ ಸಿಕ್ಕಿದ ಅರಳಿ ಎಲೆ. ದೊಡ್ಡ ಡಾಕ್ಟ್ರು ಅರ್ಧದಲ್ಲಿ ಸೂಜಿ ಕಿತ್ತುಕೊಂಡು ತಾವೇ ಮುಗಿಸುತ್ತಿದ್ದರು. ಆ ದಿನವೂ ಕಿತ್ತುಕೊಂಡರು. ಜೇನಿನ ದನಿಯಲ್ಲಿ ತುಳುವಿನಲ್ಲಿ ಅಂದರು, "ಇದೇನು ಕಣ್ಣು ಹೊಲಿಯುತ್ತೀಯೋ, ಗೋಣಿ ಹೊಲಿಯುತ್ತೀಯೋ? ನೋಡು, ಈದ್ ಹಬ್ಬ ಕಳೆದ ಮೇಲೆ ಒಂದು ಕಣ್ಣು ಕೊಡುತ್ತೇನೆ. ಮೊದಲಿಂದ ಕೊನೆಯವರೆಗೆ ನೀನೇ ಮಾಡಬೇಕು. ನಾನು ಸೂಜಿಗೆ ಕೈ ಹಾಕುವ ಹಾಗೆ ಆಯಿತೋ, ಕಾಗದ ಬರೆದು ಊರಿಗೆ ಕಳಿಸುತ್ತೇನೆ."

ಆಪರೇಷನ್ ಮುಗಿಯಿತು. ಕಣ್ಣಿಗೆ ಪಟ್ಟಿ ಕಟ್ಟಿ ಹಸಿರು ಬಟ್ಟೆ ತೆಗೆದರು. ಗಡ್ಡ ಬಿಳಿಯಾದ ಮುದುಕ ಇನ್ನೊಂದು ಕಣ್ಣನ್ನು ಬಿಟ್ಟು ದೊಡ್ಡ ಡಾಕ್ಟ್ರನ್ನೇ ನೋಡಿದ.

"ಎಂಚ ಉಲ್ಲರ್ ಡಾಕ್ಟ್ರೆ?" ಅಂದ.

ಶುದ್ಧ ತುಳು. ಹೇಗಿದ್ದೀರಿ ಅಂತ. ದೊಡ್ಡ ಡಾಕ್ಟ್ರ ಕೈಯಿಂದ ಕತ್ತರಿ ಬಿತ್ತು. ಮುದುಕ ಸಿಪಾಯಿ ಆಗುವ ಮೊದಲು ಮಂಜಿಯಲ್ಲಿ, ಸರಕು ಸಾಗಿಸುವ ಹಾಯಿಹಡಗಿನಲ್ಲಿ, ಖಲಾಸಿ ಆಗಿದ್ದನಂತೆ. ಹಾಯಿ ಕಟ್ಟಿಕೊಂಡು ಮಂಗಳೂರು ಬಂದರಕ್ಕೆ ಬಂದು, ಹಂಚು ತುಂಬುವವರೆಗೆ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತಿದ್ದನಂತೆ. ಮೊದಲಿಂದ ಕೊನೆಯವರೆಗೆ ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದ.

"ಹೆದರಿಕೆ ಆಗಲಿಲ್ವಾ ಅಜ್ಜ?" ಅಂತ ಹುಡುಗ ಕೇಳಿದ.

"ಇಲ್ಲ ಮಗಾ," ಅಂದ ಮುದುಕ, ಅದೂ ತುಳುವಿನಲ್ಲೇ. "ನಲುವತ್ತು ವರ್ಷ ಆಗಿತ್ತು ಹೀಗೆ ಬೈಗುಳ ಕೇಳದೆ. ಒಮ್ಮೆ ಬಂದರಕ್ಕೇ ಹೋಗಿ ಬಂದ ಹಾಗಾಯಿತು."

ಬೆಳಗಿನ ನಡುಕ

ಈಗ ನೀವೇ ಹೇಳಿ. ಸಂಜೆ ನಡುಗದ ಕೈ ಬೆಳಿಗ್ಗೆ ನಡುಗುವುದು ಯಾರದ್ದು? ನಮ್ಮ ಊರಿನಲ್ಲಿ ಸಣ್ಣ ಮಗುವನ್ನು ಕೇಳಿದರೂ ಹೇಳುತ್ತದೆ. ಅವನು ಕುಡಿಯುತ್ತಾನೆ ಅಂತ ನಾನು ಹೇಳಲಿಲ್ಲ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಬಾಯಮ್ಮನ ಹತ್ತಿರ, "ಬೆಳಿಗ್ಗೆ ಕೈ ನಡುಗ್ತದೆ ಬಾಯಮ್ಮ, ಸಂಜೆ ಸರಿ ಆಗ್ತದೆ. ಯಾಕೋ," ಅಂದೆ. ಅಷ್ಟೇ. ಉಳಿದದ್ದು ಅವಳೇ ಸೇರಿಸಿಕೊಂಡಳು.

ಶುಕ್ರವಾರ ಬಾಯಮ್ಮನ ಗಂಡ ಪರೀಕ್ಷೆ ಇಟ್ಟ. ಕ್ರಿಸ್ಮಸ್ಸಿಗೆ ಮನೆಯಲ್ಲೇ ಮಾಡಿ ಎತ್ತಿಟ್ಟ ದ್ರಾಕ್ಷಿ ವೈನು ತೆಗೆದು, ಎರಡು ಗ್ಲಾಸಿಗೆ ಬಗ್ಗಿಸಿ, ಒಂದನ್ನು ಹುಡುಗನ ಎದುರು ಇಟ್ಟ.

"ಬೇಡ ಅಂಕಲ್, ನಾನು ಮುಟ್ಟುವುದಿಲ್ಲ," ಅಂದ ಹುಡುಗ.

ಯಾರಿಗೂ ಬೇಡ ಅನ್ನದ ಹುಡುಗ ಇದೊಂದಕ್ಕೆ ಬೇಡ ಅಂದ. ಬಾಯಮ್ಮ ನನ್ನ ಮುಖ ನೋಡಿದಳು. ನಾನು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಅಂದೆ, "ಮುಟ್ಟುವವರು ಹಾಗೇ ಹೇಳುವುದು."

ಮುಂದಿನ ಶುಕ್ರವಾರ ಅವನಿಗೆ ಊಟಕ್ಕೆ ಕರೆ ಇಲ್ಲ. ಮಗಳ ಹೊಸ ಫ್ರಾಕು ಬೀರುವಿಗೆ ಹೋಯಿತು. ಆ ಹುಡುಗಿ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸಿ ಇಂಗ್ಲಿಷಿನಲ್ಲಿ ಏನೋ ಅನ್ನುತ್ತಿದ್ದಳು. ನನಗೆ ಇಂಗ್ಲಿಷ್ ಬಾರದ್ದು ದೇವರು ಕೊಟ್ಟ ವರ.

ವಾರ ಕಳೆದರೂ ಬಾಯಮ್ಮನ ಗಂಡ ಮಾತ್ರ ದಿನಾ ಸಂಜೆ ಒಂದೊಂದು ಗ್ಲಾಸು ಕುಡಿದು ನೋಡುತ್ತಿದ್ದ. ಆ ವೈನಿನಲ್ಲಿ ಏನಾದರೂ ದೋಷ ಉಂಟೋ ಅಂತ ಪರೀಕ್ಷೆಯಂತೆ.

ರಂಜಾನ್

ಅಷ್ಟರಲ್ಲಿ ರಂಜಾನ್ ಬಂತು. ಹಗಲು ಯಾರೂ ನೀರೂ ಮುಟ್ಟುವ ಹಾಗಿಲ್ಲ, ಉಪವಾಸ ಇಲ್ಲದವರೂ ಎದುರಿಗೆ ತಿನ್ನುವ ಹಾಗಿಲ್ಲ. ಎರಡನೇ ದಿನ ಥಿಯೇಟರಿನಲ್ಲಿ ಒಬ್ಬ ಸಿಪಾಯಿಯ ಕಣ್ಣಿಗೆ ಕೊನೆಯ ಹೊಲಿಗೆ ಹಾಕಲಿಕ್ಕೆ ದೊಡ್ಡ ಡಾಕ್ಟ್ರು ಸೂಜಿಯನ್ನು ನಮ್ಮ ಹುಡುಗನ ಕೈಗೆ ಕೊಟ್ಟರು. ನಡುಕವೇ ಇಲ್ಲ. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿದೆ ಕೈ. ದೊಡ್ಡ ಡಾಕ್ಟ್ರಿಗೆ ಬೈಯಲಿಕ್ಕೆ ಏನೂ ಸಿಗದೆ ನನಗೆ ಬೈದರು, ಬಟ್ಟೆ ಸರಿ ಮಡಚಲಿಲ್ಲ ಅಂತ.

ನನ್ನ ತಲೆ ಓಡಿತು. ರಂಜಾನಿಗೆ ಕುಡಿತ ಬಿಟ್ಟಿದ್ದಾನೆ. ರಂಜಾನಿಗೆ ಕುಡಿತ ಬಿಡುವುದು ಯಾರು? ಮನೆಗೆ ಬಂದವಳೇ ಬಾಯಮ್ಮನ ಬಾಗಿಲು ತಟ್ಟಿ, "ಉಪವಾಸ ಹಿಡಿದ ಹಾಗೆ ಕಾಣ್ತದೆ," ಅಂದೆ.

ಬಾಯಮ್ಮ ಎದೆಗೆ ಶಿಲುಬೆ ಗುರುತು ಹಾಕಿಕೊಂಡು ನೆಟ್ಟಗೆ ಇಗರ್ಜಿಗೆ ಓಡಿದಳು. ಕುಡುಕ ಆದರೂ ಆಗಲಿ, ಧರ್ಮ ಬಿಟ್ಟರೆ ಹೇಗೆ. ಮರುದಿನ ಪಾದ್ರಿಗಳು ರೋಗಿಗಳನ್ನು ನೋಡುವ ನೆವದಲ್ಲಿ ಆಸ್ಪತ್ರೆಗೆ ಬಂದರು. ಹುಡುಗ ವಾರ್ಡಿನಲ್ಲಿ ಇಲ್ಲ, ಥಿಯೇಟರಿನಲ್ಲಿ ಇಲ್ಲ. ನಾನೇ ದಾರಿ ತೋರಿಸಿದೆ. ಬಟ್ಟೆ ಇಡುವ ಕೋಣೆಯ ಬಾಗಿಲು ತೆಗೆದರೆ, ಬೆಡ್‌ಶೀಟಿನ ರಾಶಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ನಮ್ಮ ಹುಡುಗ ಬಾಳೆಹಣ್ಣು ತಿನ್ನುತ್ತಿದ್ದಾನೆ. ಪಾದ್ರಿಗಳನ್ನು ಕಂಡು ಅರ್ಧ ಹಣ್ಣು ಗಂಟಲಲ್ಲೇ ನಿಂತಿತು.

"ಕ್ಷಮಿಸಿ ಫಾದರ್," ಅಂತ ಎದ್ದ.

"ತಿನ್ನು ಮಗನೇ, ತಿನ್ನು," ಅಂದರು ಪಾದ್ರಿಗಳು, ಕಣ್ಣಲ್ಲಿ ನೀರು. "ಇನ್ನೊಂದು ಉಂಟಾ? ಅದನ್ನೂ ತಿನ್ನು."

ಈದ್ ಕಳೆದ ಮೇಲೆ

ಈದ್ ಕಳೆದು ಮೊದಲನೇ ಆಪರೇಷನ್ ದಿನ. ಹುಡುಗನ ಕೈ ಮತ್ತೆ ನಡುಗಿತು, ಮೊದಲಿಗಿಂತ ಎರಡು ಪಾಲು. ದೊಡ್ಡ ಡಾಕ್ಟ್ರು ಈ ಸಲ ಬೈಯಲೂ ಇಲ್ಲ. ಅವರು ಬೈಯದಿದ್ದರೆ ಅದೇ ಹೆದರಿಕೆ. "ಬರುವ ಮಂಗಳವಾರ ನಿನ್ನ ಕಣ್ಣು," ಅಂದರು, ಅಷ್ಟೇ. ಕಾಗದ ಟೈಪು ಮಾಡಿಸಿ ಮೇಜಿನ ಮೇಲೆ ಇಟ್ಟಿದ್ದರು. ಮೇಜು ಒರೆಸುವಾಗ ಅದನ್ನು ನಾನೇ ನೋಡಿದ್ದೇನೆ, ಹುಡುಗನ ಹೆಸರೂ ಮಂಗಳೂರು ಅಂತಲೂ ಇತ್ತು. ಅಷ್ಟು ಇಂಗ್ಲಿಷ್ ನನಗೂ ಗೊತ್ತಾಗುತ್ತದೆ.

ಆ ವಾರ ನನ್ನನ್ನು ಥಿಯೇಟರಿನಿಂದ ತೆಗೆದು ವಾರ್ಡಿಗೆ ಹಾಕಿದರು. ಬೆಳಗಿನ ಹೊತ್ತು ನಾನು ವಾರ್ಡು ನೋಡಿದ್ದೇ ಅದು ಮೊದಲು. ವರಾಂಡದಲ್ಲಿ ಚಾಪೆ ಹಾಸಿ ಸಿಪಾಯಿಗಳ ಅಣ್ಣ ತಮ್ಮ, ಮಗ, ಭಾವ ಎಲ್ಲ ಕೂತಿದ್ದಾರೆ. ಎದುರಿಗೆ ಖರ್ಜೂರ, ಹಲ್ವಾ, ಫ್ಲಾಸ್ಕು ತುಂಬ ಏಲಕ್ಕಿ ಹಾಕಿದ ಕಾಫಿ. ನಮ್ಮ ಹುಡುಗ ರೌಂಡ್ಸಿಗೆ ಬಂದದ್ದೇ ತಡ, "ಇಶ್ರಬ್, ದಕ್ತೋರ್," ಕುಡಿಯಿರಿ ಡಾಕ್ಟ್ರೇ ಅಂತ ಕೈಗೆ ಹಿಡಿ ಇಲ್ಲದ ಪುಟ್ಟ ಪಿಂಗಾಣಿ ಬಟ್ಟಲು ಕೊಟ್ಟರು. ಕುಡಿದ. ಮತ್ತೆ ಸುರಿದರು. ಕುಡಿದ. ಮತ್ತೆ ಸುರಿದರು. ನಾನು ಪೊರಕೆ ಹಿಡಿದು ನಿಂತು ಲೆಕ್ಕ ಹಾಕಿದೆ. ಮೊದಲ ಚಾಪೆಯಲ್ಲಿ ಏಳು. ಎರಡನೇ ಚಾಪೆಯಲ್ಲಿ ಒಂಬತ್ತು. ಮೂರನೇ ಚಾಪೆಗೆ ಹೋಗುವಾಗ ಅವನ ಕಿವಿ ಕೆಂಪಾಗಿತ್ತು.

ಆ ದೇಶದಲ್ಲಿ ಕಾಫಿ ಸಾಕು ಅಂತ ಬಾಯಲ್ಲಿ ಹೇಳುವುದಲ್ಲ. ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಈಚೆ ಸ್ವಲ್ಪ ಅಲ್ಲಾಡಿಸಿ ಕೊಡಬೇಕು. ಅಲ್ಲಾಡಿಸದಿದ್ದರೆ ಇನ್ನೂ ಬೇಕು ಅಂತ ಅರ್ಥ. ಫ್ಲಾಸ್ಕು ಮುಗಿಯುವವರೆಗೆ ಸುರಿಯುತ್ತಾರೆ, ಮುಗಿದರೆ ಇನ್ನೊಂದು ತರುತ್ತಾರೆ. ನಾನು ಬಂದ ಮೊದಲ ವಾರವೇ ಕಲಿತದ್ದು ಅದು. ಈ ಹುಡುಗ ಖಾಲಿ ಹೊಟ್ಟೆಗೆ ಇಪ್ಪತ್ತು ಬಟ್ಟಲು ಕಾಫಿ ಏರಿಸಿಕೊಂಡು ಹೋಗಿ ಸೂಜಿ ಹಿಡಿಯುತ್ತಿದ್ದ. ರಂಜಾನಿನಲ್ಲಿ ಹಗಲು ಕಾಫಿ ಇಲ್ಲ, ನಡುಕವೂ ಇಲ್ಲ.

ನನಗೆ ಎಲ್ಲ ಗೊತ್ತಾಯಿತು. ಗೊತ್ತಾಗಿ ಎಂತ ಮಾಡಿದೆ? ಹೇಳಿದರೆ ಕುಡಿತದ ಸುದ್ದಿ ಸುಳ್ಳಾಗುತ್ತದೆ, ಬಾಯಮ್ಮ ನನ್ನ ಮಾತು ಇನ್ನು ನಂಬುವುದಿಲ್ಲ. ಅದೊಂದು ಯೋಚನೆಯಲ್ಲಿ ಆ ದಿನ ಇಡೀ ಬಾಯಿ ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಬಾಯಿ ಮುಚ್ಚಿದ್ದು ಅದೊಂದೇ ದಿನ. ಅದೂ ಮುಚ್ಚಬಾರದ ದಿನ. ಮರುದಿನ ಸಂಜೆ ಅವನು ಆಡಿನ ಕಣ್ಣು ಮುಂದಿಟ್ಟುಕೊಂಡು ಒಬ್ಬನೇ ಕೂತಿದ್ದ. ಸೂಜಿ ಮುಟ್ಟಿರಲಿಲ್ಲ. "ಅಕ್ಕ, ಊರಿಗೆ ಹೋದರೆ ಅಪ್ಪನಿಗೆ ಎಂತ ಹೇಳುವುದು?" ಅಂದ. ನಾನು ಪೊರಕೆ ಗೋಡೆಗೆ ಒರಗಿಸಿ ಅವನ ಎದುರು ಕೂತೆ.

"ಅದಿರಲಿ," ಅಂದೆ. "ಅಷ್ಟು ಕಾಫಿ ಯಾಕೆ ಕುಡಿತೀರಿ?"

"ಬೇಡ ಅಂದರೆ ಬೇಸರ ಮಾಡ್ತಾರಂತೆ, ಸಿಸ್ಟರ್ ಹೇಳಿದ್ದಾರೆ. ಖಾಲಿ ಮಾಡಿದರೆ ಮತ್ತೆ ಹಾಕ್ತಾರೆ. ನನಗೆ ಕಾಫಿ ಅಭ್ಯಾಸವೇ ಇಲ್ಲ ಅಕ್ಕ, ಮನೆಯಲ್ಲಿ ಗಂಜಿ."

"ಬಟ್ಟಲು ಅಲ್ಲಾಡಿಸಬೇಕು. ಎಲ್ಲರೂ ಅಲ್ಲಾಡಿಸುವುದು ನೋಡಲಿಲ್ವಾ?"

"ನೋಡಿದ್ದೇನೆ. ಅವರಿಗೆಲ್ಲ ವಯಸ್ಸಾಗಿದೆ, ಕೈ ನಡುಗ್ತದೆ ಅಂತ ಮಾಡಿದ್ದೆ. ನನ್ನ ಕೈ ನಡುಗುವುದು ಅವರಿಗೆ ಗೊತ್ತಾಗಬಾರದಲ್ಲ, ಕಣ್ಣನ್ನು ನಮ್ಮ ಕೈಗೆ ಕೊಡುವವರ ಮನೆಯವರು. ಅದಕ್ಕೇ ನಾನು ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಳ್ತೇನೆ."

ಎಂತ ಹೇಳುವುದು ಇಂಥವನಿಗೆ. ಆಡಿನ ಕಣ್ಣನ್ನು ಬದಿಗೆ ಸರಿಸಿ, ಚಾ ಕುಡಿಯುವ ಗ್ಲಾಸು ಕೈಗೆ ಕೊಟ್ಟು, ಕತ್ತಲಾಗುವವರೆಗೆ ಅಲ್ಲಾಡಿಸಲಿಕ್ಕೆ ಕಲಿಸಿದೆ. ದೊಡ್ಡ ದೊಡ್ಡ ಡಾಕ್ಟ್ರುಗಳು ಕಲಿಸಿದ ಆಸ್ಪತ್ರೆಯಲ್ಲಿ ನಾಲ್ಕನೇ ಕ್ಲಾಸಿನವಳು ಕಲಿಸಿದ ಪಾಠ ಅದೊಂದು.

ಮಂಗಳವಾರ ಬೆಳಿಗ್ಗೆ ನಾನು ಪೊರಕೆ ಹಿಡಿದು ಅವನ ಹಿಂದೆಯೇ ಇದ್ದೆ. ಮೊದಲ ಚಾಪೆ. ಒಂದು ಬಟ್ಟಲು ಕುಡಿದ, ಅಲ್ಲಾಡಿಸಿದ. ಸುರಿಯುವವನ ಕೈ ನಿಂತಿತು. "ಖಲಾಸ್?" ಅಂತ ಆಶ್ಚರ್ಯದಲ್ಲಿ ಕೇಳಿದ. ಹುಡುಗ ಮತ್ತೊಮ್ಮೆ ಅಲ್ಲಾಡಿಸಿದ. ಇಡೀ ಚಾಪೆ ಒಬ್ಬರ ಮುಖ ಒಬ್ಬರು ನೋಡಿತು. ಒಬ್ಬ ಮುದುಕ ನಿಟ್ಟುಸಿರು ಬಿಟ್ಟು ಅಂದ, "ಅಲ್ಹಮ್ದುಲಿಲ್ಲಾ. ಈ ದಕ್ತೋರನಿಗೆ ಬೇಕಾಗುತ್ತದೆ ಅಂತ ನಾವು ಮನೆಯಿಂದ ಮೂರು ಫ್ಲಾಸ್ಕು ಹೊತ್ತು ತರುತ್ತಿದ್ದೆವು." ಉಳಿದ ಎರಡು ಚಾಪೆಗಳಿಗೆ ಹುಡುಗ ದೂರದಿಂದಲೇ ಸಲಾಂ ಹೇಳಿ ದಾಟಿದ.

ಥಿಯೇಟರಿನೊಳಗೆ ನನಗೆ ಆ ದಿನ ಡ್ಯೂಟಿ ಇಲ್ಲ. ಆದರೂ ಬಟ್ಟೆ ಕೊಡುವ ನೆವದಲ್ಲಿ ನಾಲ್ಕು ಸಲ ಹೋದೆ. ದೊಡ್ಡ ಡಾಕ್ಟ್ರು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು, ಕಸಿದುಕೊಳ್ಳಲಿಕ್ಕೆ ತಯಾರಾಗಿ. ಹುಡುಗ ಕೊಯ್ದ, ಪೊರೆ ತೆಗೆದ, ಲೆನ್ಸು ಕೂರಿಸಿದ. ಒಂದು ಹೊಲಿಗೆ, ಎರಡು, ಮೂರು. ಕೈ ಕಲ್ಲು. ಹಸಿರು ಬಟ್ಟೆಯ ಒಳಗೆ ಮಲಗಿದ್ದ ಸಿಪಾಯಿ ಗೊರಕೆ ಹೊಡೆಯಲಿಕ್ಕೆ ಶುರು ಮಾಡಿದ. ಕೊನೆಯ ಹೊಲಿಗೆ ಆದ ಮೇಲೆ ದೊಡ್ಡ ಡಾಕ್ಟ್ರು ಎದ್ದು, ಜೇನೂ ಇಲ್ಲದ ಕತ್ತಿಯೂ ಇಲ್ಲದ ಸಾದಾ ದನಿಯಲ್ಲಿ, "ಊಟಕ್ಕೆ ಹೋಗುವ," ಅಂದರು. ಮೇಜಿನ ಮೇಲಿದ್ದ ಕಾಗದವನ್ನು ಹರಿದು ಹಾಕಿದರು. ಆ ಚೂರುಗಳನ್ನು ಗುಡಿಸಿದ್ದೂ ನಾನೇ.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಸಹ ತೆಗೆಯದೆ ಬಾಯಮ್ಮನ ಅಡಿಗೆಮನೆಗೆ ನುಗ್ಗಿದೆ. ಅವಳು ಬೋಂಡ ಕರಿಯುತ್ತಿದ್ದಳು, ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಎಲ್ಲ ಹೇಳಿದೆ. ಮೂರು ಚಾಪೆ, ಇಪ್ಪತ್ತು ಬಟ್ಟಲು, ನಾನು ಕಂಡುಹಿಡಿದದ್ದು, ನಾನು ಕಲಿಸಿದ್ದು, ಕೈ ಕಲ್ಲಾದದ್ದು. "ಕುಡಿಯುತ್ತಾನೆ ಅಂತ ಯಾರೋ ಹಬ್ಬಿಸಿದ್ದರಲ್ಲ ಬಾಯಮ್ಮ, ಜನರ ಬಾಯಿಗೆ ಹುಳ ಬೀಳಲಿ. ನಾನಿಲ್ಲದಿದ್ದರೆ ನಿಮ್ಮ ಅಳಿಯ ಇವತ್ತು ವಿಮಾನದಲ್ಲಿರುತ್ತಿದ್ದ. ಶುಕ್ರವಾರ ಊಟಕ್ಕೆ ಕರೆಯಿರಿ, ನಾನೂ ಬರ್ತೇನೆ. ಮತ್ತೆ ಆ ಫ್ರಾಕು," ಅಂತ ಇನ್ನೂ ಹೇಳುವುದಿತ್ತು.

ಮಗಳು ಬೀರುವಿನ ಬಾಗಿಲು ತೆಗೆಯಲಿಕ್ಕೆ ಒಳಗೆ ಓಡಿದ್ದು ಕೇಳಿಸಿತು. ಬಾಯಮ್ಮ ಬೋಂಡ ಮಗುಚಿ ಹಾಕಿ, ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿ ಅಂದಳು:

"ಅಕ್ಕ, ಕಾಫಿ ಸಾಕಾದರೆ ಅವನು ಬಟ್ಟಲು ಅಲ್ಲಾಡಿಸ್ತಾನೆ, ಸರಿ. ನಿಮ್ಮ ಮಾತು ಸಾಕಾದರೆ ನಾನು ಎಂತದನ್ನು ಅಲ್ಲಾಡಿಸಬೇಕು, ಅದೊಂದು ಹೇಳಿಕೊಟ್ಟು ಹೋಗಿ."